ಅದೂ ಮರದ ತೊಗಟೆಯೇ

ನಾನು ಗಿಡಗಳಿಂದ ಕ್ಯಾನ್ಸರ್‌ಗೆ ಔಷಧ ಹುಡುಕುವ ಕೆಲಸದಲ್ಲಿದ್ದೇನೆ ಎಂದು ಸ್ಯಾನ್ ಡಿಯಾಗೋದ ಕನ್ನಡದವರಿಗೆ ಗೊತ್ತಾದ ದಿನದಿಂದ ನನ್ನ ಫೋನು ನನ್ನದಾಗಿ ಉಳಿಯಲಿಲ್ಲ. ಲಕ್ಷ್ಮಣ ಫಲದ ಎಲೆ ಕುದಿಸಿ ಕುಡಿಯಬಹುದಾ, ಅರಿಶಿನಕ್ಕೆ ಕಾಳುಮೆಣಸು ಎಷ್ಟು ಸೇರಿಸಬೇಕು, ಅಮೃತಬಳ್ಳಿ ಬರಿ ಹೊಟ್ಟೆಗೋ ಊಟದ ಮೇಲೋ. ಕೇಳುವವರು ಒಳ್ಳೆಯವರೇ. ಬೆಂಗಳೂರಿನಿಂದ ಬಂದ ಇಂಜಿನಿಯರುಗಳು, ಒಂದು ಟಿವಿ ಕೊಳ್ಳಬೇಕಾದರೆ ತಿಂಗಳುಗಟ್ಟಲೆ ರಿವ್ಯೂ ಓದುವವರು. ಹೊಟ್ಟೆಗೆ ಹೋಗುವ ಕಷಾಯಕ್ಕೆ ಮಾತ್ರ ಅವರಿಗೆ ಫೋನಿಗೆ ಬಂದ ಒಂದು ಫಾರ್ವರ್ಡ್ ಸಾಕು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅಮೆರಿಕಕ್ಕೆ ಬಂದ ಮೇಲೆ ನಮ್ಮ ಜನಕ್ಕೆ ಮರೆತುಹೋಗುತ್ತದೆ. ಇಲ್ಲಿ ಹಿತ್ತಲ ಗಿಡವೊಂದೇ ಮದ್ದು.

ನನ್ನ ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಲಾ ಹೋಯಾದ ಒಂದು ಲ್ಯಾಬಿನಲ್ಲಿ ಅಂಡಾಶಯದ ಕ್ಯಾನ್ಸರಿನ ಕೋಶಗಳನ್ನು ಚಿಕ್ಕ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆಸುತ್ತೇವೆ. ಮೈ ಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ಅವನ್ನಿಟ್ಟು, ಒಂದು ದಿನ ಬಿಟ್ಟು ಒಂದು ದಿನ ಆಹಾರ ಕೊಟ್ಟು ಸಾಕುತ್ತೇವೆ. ಆಮೇಲೆ ಗಿಡದಿಂದ ಬೇರ್ಪಡಿಸಿದ ವಸ್ತುವನ್ನು ಹಾಕಿ ಎಷ್ಟು ಸತ್ತವು ಎಂದು ನೋಡುತ್ತೇವೆ. ನಾವು ಹಿಡಿದು ಕೂತಿರುವುದು ಒಂದು ಕುರುಚಲು ಗಿಡದ ಬೇರಿನಿಂದ ತೆಗೆದದ್ದು. ಗಿಡದ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆಯೇ ಯಾರಾದರೂ ಅರೆದು ಕುಡಿದಾರು. ತಟ್ಟೆಯಲ್ಲಿ ಅದು ಚೆನ್ನಾಗಿ ಕೊಲ್ಲುತ್ತದೆ. ಆದರೆ ತಟ್ಟೆಯಲ್ಲಿ ಕೊಲ್ಲುವುದು ಏನು ಮಹಾ? ಒಂದು ಚಿಟಿಕೆ ಅಡುಗೆ ಉಪ್ಪು ಹೆಚ್ಚಾದರೂ ಆ ಕೋಶಗಳು ಸಾಯುತ್ತವೆ. ಹೆಂಗಸನ್ನು ಉಳಿಸಿಕೊಂಡು ಅವಳ ಕ್ಯಾನ್ಸರನ್ನು ಮಾತ್ರ ಕೊಲ್ಲುವುದು ಬೇರೆಯೇ ವಿದ್ಯೆ, ಅದು ನಮಗೆ ಇನ್ನೂ ಬಂದಿಲ್ಲ.

ಈ ಮಾತನ್ನು ಊರಿನವರಿಗೆಲ್ಲ ಸಿಡುಕಿಕೊಂಡೇ ಹೇಳುತ್ತಿದ್ದೆ. ಸಿಡುಕದೆ ಹೇಳಬೇಕಾಗಿ ಬಂದದ್ದು ಅತ್ತಿಗೆಗೆ.

ಅತ್ತಿಗೆ ಮಂಗಳೂರಿನ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ನನಗೆ ಎರಡು ಜಡೆ ಹಾಕಿ, ನನ್ನ ಸುಳ್ಳುಗಳಿಗೆ ಅಮ್ಮನ ಮುಂದೆ ಸಾಕ್ಷಿ ಹೇಳಿ, ನಾನು ಕೆಮಿಸ್ಟ್ರಿ ಓದುತ್ತೇನೆ ಎಂದಾಗ ಮನೆಯಲ್ಲಿ ನನ್ನ ಪರ ನಿಂತವರು ಅವರೊಬ್ಬರೇ. ಅವರಿಗೂ ಅಣ್ಣನಿಗೂ ಮಕ್ಕಳಾಗಲಿಲ್ಲ. ಅಣ್ಣ ಲಾಸ್ ಏಂಜಲೀಸ್‌ಗೆ ಬಂದು ಚಾಟ್ಸ್‌ವರ್ತ್‌ನಲ್ಲಿ ಒಂದು ಶೆಡ್ ಹಾಕಿದ. ಬೇರೆ ಕಂಪನಿಯವರು ಕಳಿಸುವ ಪುಡಿಗಳನ್ನು ಕ್ಯಾಪ್ಸೂಲ್‌ಗೆ ತುಂಬಿಸಿ, ಬಾಟಲಿಗೆ ಹಾಕಿ, ಲೇಬಲ್ ಅಂಟಿಸಿ ಕೊಡುವುದು ಅವನ ಕೆಲಸ. ಅರಿಶಿನ, ಅಶ್ವಗಂಧ, ನುಗ್ಗೆಸೊಪ್ಪು. ಅವನ ಶರಟಿನ ಕಾಲರು ಯಾವಾಗಲೂ ಹಳದಿ. ನಾನು ಓದಲು ಇಲ್ಲಿಗೆ ಬಂದಾಗ ಅವರ ಮನೆಯ ಹಿಂದಿನ ಕೋಣೆಯಲ್ಲೇ ಇದ್ದೆ. ನಾನು ಬಿಟ್ಟು ಬಂದ ಮೇಲೂ ಆ ಕೋಣೆಯನ್ನು ಅವರು ನನ್ನ ಹೆಸರಿಟ್ಟೇ ಕರೆಯುತ್ತಿದ್ದರು.

ಕೊರೋನಾದ ಮೊದಲ ವರ್ಷ ಅತ್ತಿಗೆಯ ಹೊಟ್ಟೆ ಉಬ್ಬತೊಡಗಿತು. ಗ್ಯಾಸ್ ಎಂದರು. ಓಮ, ಜೀರಿಗೆ, ಇಂಗು, ಮಜ್ಜಿಗೆ ಎಲ್ಲ ಆಯಿತು. ಮನೆಯಲ್ಲೇ ಕೂತು ತಿಂದದ್ದರ ಬೊಜ್ಜು ಎಂದು ಅಣ್ಣ ತಮಾಷೆ ಮಾಡಿದ. ಡಾಕ್ಟರ ಹತ್ತಿರ ಹೋಗಲು ಎಲ್ಲರಿಗೂ ಹೆದರಿಕೆಯಿದ್ದ ಕಾಲ. ಸೀರೆಯ ನೆರಿಗೆ ಕೂರುವುದಿಲ್ಲ ಎಂದು ಅವರು ವಿಡಿಯೋ ಕಾಲ್‌ನಲ್ಲಿ ನಗುತ್ತಾ ಹೇಳಿದಾಗ ನನಗೆ ನಗು ಬರಲಿಲ್ಲ. ನಾನು ದಿನವಿಡೀ ನೋಡುವ ಕಾಯಿಲೆಯ ಗುಣವೇ ಅದು, ಗ್ಯಾಸಿನ ಹೆಸರಿನಲ್ಲಿ ಬಂದು ಕೂರುವುದು. ಸ್ಕ್ಯಾನ್ ಮಾಡಿಸಿದಾಗ ಅಂಡಾಶಯದಿಂದ ಆಚೆಗೂ ಹರಡಿತ್ತು. ಆಪರೇಶನ್ ಆಯಿತು. ಆಮೇಲೆ ಕೀಮೋಥೆರಪಿಯ ಡ್ರಿಪ್ ಹಾಕಿಸಿಕೊಳ್ಳಬೇಕು ಎಂದಾಗ ಅತ್ತಿಗೆ ಒಪ್ಪಲಿಲ್ಲ.

"ತೆಗೆದು ಬಿಸಾಡಿದ್ರಲ್ಲ, ಇನ್ನು ಆ ವಿಷ ಯಾಕೆ?" ಎಂದರು. ಉಡುಪಿಯಲ್ಲಿ ಅವರ ಚಿಕ್ಕಮ್ಮನಿಗೆ ಹಾಗೆಯೇ ಡ್ರಿಪ್ ಹಾಕಿದ್ದರಂತೆ. ಕೂದಲು ಹೋಯಿತು, ರುಚಿ ಹೋಯಿತು, ಕೊನೆಗೆ ಚಿಕ್ಕಮ್ಮನೂ ಹೋದರು. "ಸಾಯುದಾದ್ರೆ ಕೂದಲು ಇಟ್ಕೊಂಡೇ ಸಾಯ್ತೇನೆ ಮಾರಾಯ್ತಿ. ನೀನು ಗಿಡದ ಔಷಧ ಮಾಡುವವಳು, ನನಗೆ ಗಿಡದ್ದೇ ಎಂತಾದ್ರೂ ಕೊಡು."

ಅಣ್ಣ ಕೈ ಹಿಸುಕಿಕೊಂಡು ಮೂಲೆಯಲ್ಲಿ ನಿಂತಿದ್ದ. ನನಗೆ ಆಗ ಹೊಳೆದದ್ದು ಆಟಿ ಅಮಾವಾಸ್ಯೆಯ ಕಷಾಯ.

ನಮ್ಮ ಕಡೆ ಆಟಿ ತಿಂಗಳ, ಅಂದರೆ ಆಷಾಢದ, ಅಮಾವಾಸ್ಯೆಯ ದಿನ ಪಾಲೆ ಎನ್ನುವ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ರೂಢಿ. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಲೋಹ ತಾಗಿದರೆ ಗುಣ ಹೋಗುತ್ತದೆ ಎಂದು ನಂಬಿಕೆ. ಅದರ ಕಹಿ ಸಂಜೆಯವರೆಗೂ ನಾಲಗೆ ಬಿಡುವುದಿಲ್ಲ. ಕಷಾಯ ಉಷ್ಣ ಎಂದು ಅದರ ಹಿಂದೆಯೇ ಮೆಂತೆ ಗಂಜಿ ಉಣ್ಣಬೇಕು. ಸಣ್ಣವರಿದ್ದಾಗ ನಾವು ಕುಡಿದಂತೆ ಮಾಡಿ ಬಚ್ಚಲಿಗೆ ಉಗುಳುತ್ತಿದ್ದೆವು. ಸೊಸೆಯಾಗಿ ಬಂದ ಅತ್ತಿಗೆ ಮಾತ್ರ ಮೂಗು ಮುರಿಯದೆ ಕುಡಿದು ಅಮ್ಮನ ಮನಸ್ಸು ಗೆದ್ದುಬಿಟ್ಟರು. ಊರಿಗೆ ಹೋದಾಗಲೆಲ್ಲ ಹಪ್ಪಳ, ಕುಚ್ಚಲಕ್ಕಿಯ ನಡುವೆ ಒಣಗಿಸಿದ ತೊಗಟೆ ಸುತ್ತಿ ತರುತ್ತಿದ್ದರು. ಹಸಿ ತೊಗಟೆಯೇ ಆಗಬೇಕು ಎಂಬ ನಿಯಮವನ್ನು ಅಮೆರಿಕದ ಮಟ್ಟಿಗೆ ಅವರೇ ಸಡಿಲಿಸಿಕೊಂಡಿದ್ದರು.

"ಅತ್ತಿಗೆ, ಆ ಡ್ರಿಪ್ ಇದೆಯಲ್ಲ, ಅದೂ ಮರದ ತೊಗಟೆಯೇ," ಎಂದೆ.

ಸುಳ್ಳಲ್ಲ. ಅವರಿಗೆ ಕೊಡಬೇಕೆಂದಿದ್ದ ಎರಡು ಔಷಧಗಳಲ್ಲಿ ಒಂದು ಮೊದಲು ಸಿಕ್ಕಿದ್ದು ಅಮೆರಿಕದ ಇದೇ ಪಶ್ಚಿಮ ತೀರದ ಕಾಡುಗಳ ಯೂ ಎಂಬ ಮರದ ತೊಗಟೆಯಲ್ಲಿ. ಈಗ ಅದಕ್ಕಾಗಿ ಮರ ಸುಲಿಯುವುದಿಲ್ಲ, ಬೇರೆ ದಾರಿಗಳಿವೆ. ಸಿಕ್ಕಿದ ಮೇಲೂ ನೀರಿನಲ್ಲಿ ಕರಗುವುದಿಲ್ಲ ಎಂದು ಬಹಳ ಕಾಲ ಅದನ್ನು ಯಾರೂ ಮೂಸಲಿಲ್ಲ. ಇದನ್ನೆಲ್ಲ ನಾನು ಅವರ ಮಂಚದ ಬದಿಯಲ್ಲಿ ಕೂತು ಕಥೆಯಂತೆ ಹೇಳಿದೆ. ಅತ್ತಿಗೆ ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಮತ್ತೆ ಇನ್ನೊಂದು?"

"ಇನ್ನೊಂದು ಪ್ಲಾಟಿನಂನಿಂದ ಮಾಡಿದ್ದು."

"ಛೆ," ಎಂದು ಎದ್ದು ಕೂತರು. "ತೊಗಟೆಗೆ ಲೋಹ ತಾಗಿಸ್ತಾರಾ? ಇಷ್ಟು ಓದಿ ಅಷ್ಟು ಗೊತ್ತಿಲ್ವಾ ಇವರಿಗೆ?"

ಅಷ್ಟು ದಿನಗಳಲ್ಲಿ ನಾವು ಮೂವರೂ ನಕ್ಕದ್ದು ಆಗಲೇ. ಮಾರನೆಯ ವಾರ ಅವರು ಡ್ರಿಪ್‌ಗೆ ಹೊರಟರು, ಆದರೆ ಒಂದು ಷರತ್ತು ಹಾಕಿದರು. ತೊಗಟೆ ಎಂದ ಮೇಲೆ ಹಿಂದೆಯೇ ಮೆಂತೆ ಗಂಜಿ ಆಗಬೇಕು.

ಆಗ ರೋಗಿಯ ಜೊತೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅತ್ತಿಗೆಯನ್ನು ಬಾಗಿಲಲ್ಲಿ ಇಳಿಸಿ, ನಾನೂ ಅಣ್ಣನೂ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂರುತ್ತಿದ್ದೆವು. ನಮ್ಮ ನಡುವೆ ಗಂಜಿಯ ಫ್ಲಾಸ್ಕು. ಅಡುಗೆಮನೆಯ ಕಡೆ ತಲೆ ಹಾಕದ ಅಣ್ಣ ಬೆಳಿಗ್ಗೆ ಎದ್ದು ಅಕ್ಕಿ, ಮೆಂತೆ ಬೇಯಿಸಿ, ಕಾಯಿಹಾಲು, ಬೆಲ್ಲ ಹಾಕಿ ತಳ ಹಿಡಿಸಿಕೊಂಡು ತರುತ್ತಿದ್ದ. ಕಾರಿನ ತುಂಬ ಸೀದ ಮೆಂತೆಯ ವಾಸನೆ. ಸಂಜೆಯ ಹೊತ್ತಿಗೆ ಅತ್ತಿಗೆ ಗಾಲಿಕುರ್ಚಿಯಲ್ಲಿ ಹೊರಬಂದು, ಮಾಸ್ಕ್ ಕೆಳಗಿಳಿಸಿ, ನಾಲ್ಕು ಚಮಚ ತಿಂದು, "ತಳ ಹಿಡಿದದ್ದು ಇವತ್ತು ಸ್ವಲ್ಪ ಕಡಿಮೆ ಉಂಟು," ಎಂದು ಗಂಡನಿಗೆ ಸರ್ಟಿಫಿಕೇಟ್ ಕೊಡುತ್ತಿದ್ದರು. ಅಷ್ಟನ್ನೂ ಮನೆ ಮುಟ್ಟುವ ಮೊದಲೇ ವಾಂತಿ ಮಾಡಿಕೊಳ್ಳುತ್ತಿದ್ದರು. ಕೂದಲು ಉದುರಿತು. ಬೆರಳ ತುದಿ ಮರಗಟ್ಟಿ ಹೂ ಕಟ್ಟಲು ಆಗುತ್ತಿರಲಿಲ್ಲ. ಆದರೂ ಒಂದು ಡ್ರಿಪ್ ಕೂಡ ತಪ್ಪಿಸಲಿಲ್ಲ. ನನ್ನ ಉಪಾಯಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಆಟಿ ತಿಂಗಳು ಬಂತು. ಊರಿನಲ್ಲಿ ಆಗ ಜಡಿಮಳೆ, ಚಾಟ್ಸ್‌ವರ್ತ್‌ನಲ್ಲಿ ರಸ್ತೆಯ ಟಾರು ಮೆತ್ತಗಾಗುವ ಬಿಸಿಲು. ಅತ್ತಿಗೆಯ ರಕ್ತ ಪರೀಕ್ಷೆಯಲ್ಲಿ ಲಿವರಿನ ಲೆಕ್ಕ ಏರಿತು. ಡಾಕ್ಟರಮ್ಮ ಆ ಸಲದ ಡ್ರಿಪ್ ನಿಲ್ಲಿಸಿದರು. ಮುಂದಿನ ಸಲವೂ ಇಳಿಯಲಿಲ್ಲ, ಮತ್ತೆ ನಿಲ್ಲಿಸಿದರು. ಹರ್ಬ್, ಸಪ್ಲಿಮೆಂಟ್ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ನರ್ಸ್ ಫೋನಿನಲ್ಲಿ ಕೇಳಿದಾಗ ಅಣ್ಣ ಸ್ಪೀಕರ್ ಹಾಕಿಕೊಂಡು ಖಡಾಖಂಡಿತವಾಗಿ ನೋ ಎಂದ. ಜೀವನವೆಲ್ಲ ಸಪ್ಲಿಮೆಂಟ್ ತುಂಬಿಸಿ ಬದುಕಿದವನು.

ಅವನು ಸುಳ್ಳು ಹೇಳಿದ್ದಲ್ಲ ಎಂದು ಈಗ ನನಗೆ ಅರ್ಥವಾಗುತ್ತದೆ. ಅವನ ಪಾಲಿಗೆ ಸಪ್ಲಿಮೆಂಟ್ ಎಂದರೆ ಲೇಬಲ್ ಇರುವುದು.

ಆ ಶನಿವಾರ ನಾನು ಅವರ ಮನೆಗೆ ಹೋದೆ. ಊಟದ ಮೇಜಿನ ಮೇಲೆ ಡಾಕ್ಟರು ಕೊಟ್ಟ ವಾಂತಿ ಮಾತ್ರೆಗಳ ಪಕ್ಕದಲ್ಲಿ ಒಂದು ಬಿಳಿ ಬಾಟಲಿ ಇತ್ತು, ಲೇಬಲ್ ಇರಲಿಲ್ಲ. ಒಳಗೆ ಕಂದು ಪುಡಿ ತುಂಬಿದ ದಪ್ಪ ಕ್ಯಾಪ್ಸೂಲ್‌ಗಳು. ಒಂದನ್ನು ಬಿಡಿಸಿ ನಾಲಗೆಯ ತುದಿಗೆ ಮುಟ್ಟಿಸಿದೆ. ಅದನ್ನು ಗುರುತಿಸಲು ನನಗೆ ಯಾವ ಮೆಷೀನೂ ಬೇಕಾಗಲಿಲ್ಲ. ಬಚ್ಚಲಿಗೆ ಉಗುಳಿದ ಆ ಕಹಿಯೇ.

"ಏನಿದು?" ಎಂದೆ. ದನಿ ಎತ್ತರವಾಗಿಯೇ ಇತ್ತು.

ಅತ್ತಿಗೆ ಸೋಫಾದಲ್ಲಿ ಮಲಗಿದ್ದವರು ನಿಧಾನ ಎದ್ದು ಕೂತರು. "ಪಾಲೆ. ಕಷಾಯ ಮಾಡಿದ್ರೆ ವಾಂತಿ ಬರ್ತದೆ, ಹೊಟ್ಟೆಯಲ್ಲಿ ನಿಲ್ಲುದಿಲ್ಲ. ಅದಕ್ಕೆ ಇವರು ಪುಡಿ ಮಾಡಿ ತುಂಬಿಸಿ ತಂದದ್ದು."

"ಆಟಿ ಅಮಾವಾಸ್ಯೆ ಒಂದು ದಿನ. ನೀವು ದಿನಾ ತಗೊಳ್ತಿದ್ದೀರಾ?"

"ಡ್ರಿಪ್ ಮೂರು ವಾರಕ್ಕೊಮ್ಮೆ ಅಲ್ವಾ. ನಡುವೆ ಖಾಲಿ ಬಿಡುದು ಯಾಕೆ ಅಂತ." ಅವರ ಮುಖದಲ್ಲಿ ಕಳ್ಳತನವಿರಲಿಲ್ಲ. "ನೀನೇ ಹೇಳಿದ್ದಲ್ವಾ, ಅದೂ ತೊಗಟೆಯೇ ಅಂತ. ಅವರದ್ದು ತೊಗಟೆ, ನಮ್ಮದೂ ತೊಗಟೆ. ನಮ್ಮದಕ್ಕಾದ್ರೆ ಲೋಹ ತಾಗಿಲ್ಲ. ಇವರು ಒರಳಲ್ಲೇ ಕುಟ್ಟಿದ್ದು."

ನಾನು ಅಣ್ಣನ ಮೇಲೆ ಹಾರಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ತೊಗಟೆ ಎಂದರೆ ಎಲ್ಲ ಒಂದೇನಾ, ಕಾಸರಕನ ತೊಗಟೆಯನ್ನು ಪಾಲೆ ಎಂದು ತಿಳಿದು ಕುಡಿದು ಸತ್ತವರ ಕಥೆ ಊರಿನಲ್ಲಿ ಕೇಳಿಲ್ಲವಾ, ಆ ಡ್ರಿಪ್ಪನ್ನು ಇಷ್ಟೇ ಹನಿ ಇಷ್ಟೇ ಹೊತ್ತು ಎಂದು ಅಳೆದು ಕೊಡುತ್ತಾರೆ, ನೀನು ಮುಷ್ಟಿಯಲ್ಲಿ ತುಂಬಿಸಿ ಕೊಡುತ್ತಿದ್ದೀಯ ಎಂದೆ. ಅವನು ಬಾಟಲಿ ತೆಗೆದುಕೊಂಡು ಹೋಗಿ ಕಸದ ಡಬ್ಬಿಗೆ ಸುರಿದ. ಅತ್ತಿಗೆಗೆ ಅಳು ಬಂತು. ಗಂಡ ಇಡೀ ಭಾನುವಾರ ಶೆಡ್ಡಿನಲ್ಲಿ ಕೂತು ಒಂದೊಂದಾಗಿ ಕೈಯಲ್ಲೇ ತುಂಬಿದ್ದು ಅವು ಎಂದರು. ಮೆಷೀನಿಗೆ ಹಾಕಿದರೆ ಲೋಹ ತಾಗುತ್ತದಲ್ಲ.

ಕ್ಯಾಪ್ಸೂಲ್ ನಿಲ್ಲಿಸಿದ ಮೇಲೆ ಲಿವರಿನ ಲೆಕ್ಕ ಇಳಿಯಿತು. ಅದು ಪಾಲೆಯಿಂದಲೇ ಏರಿತ್ತಾ, ಡ್ರಿಪ್‌ನಿಂದಲಾ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು, ನಾನೂ ಹೇಳಲಾರೆ. ಡ್ರಿಪ್ ಮತ್ತೆ ಶುರುವಾಗಿ ಮುಗಿಯಿತು. ಕೂದಲು ಬಂತು, ಮೊದಲು ನೆಟ್ಟಗಿದ್ದದ್ದು ಈಗ ಗುಂಗುರಾಗಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅವರು ಚೆನ್ನಾಗಿದ್ದರು. ನೀರುದೋಸೆ ಹೊಯ್ದರು, ನನ್ನ ಜೊತೆ ಜಗಳವಾಡಿದರು, ಫ್ರೀವೇಯಲ್ಲಿ ತಾವೇ ಡ್ರೈವ್ ಮಾಡಿಕೊಂಡು ಬಂದು ನನ್ನ ಬಾಗಿಲು ತಟ್ಟಿದರು. ಆ ವರ್ಷದ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಸುಖ ಇದ್ದಾಗ ನಾವು ನೆನಪಿಟ್ಟುಕೊಳ್ಳುವ ಶ್ರಮ ತೆಗೆದುಕೊಳ್ಳುವುದಿಲ್ಲ.

ಕಾಯಿಲೆ ಮರಳಿ ಬಂದಾಗ ಹಳೆಯ ಔಷಧಗಳಿಗೆ ಬಗ್ಗಲಿಲ್ಲ. ಪ್ಲಾಟಿನಂಗೂ ಬಗ್ಗಲಿಲ್ಲ, ತೊಗಟೆಗೂ ಬಗ್ಗಲಿಲ್ಲ. ಆಗ ನಾನು ಅವರನ್ನು ಸ್ಕ್ರಿಪ್ಸ್ ರ್ಯಾಂಚ್‌ನ ನನ್ನ ಮನೆಗೆ ಕರೆದುಕೊಂಡು ಬಂದೆ, ಚಿಕಿತ್ಸೆಯನ್ನೂ ಸ್ಯಾನ್ ಡಿಯಾಗೋಗೆ ಬದಲಿಸಿದೆವು. ಅಣ್ಣ ವಾರದ ಕೊನೆಗೆ ಬಂದು ಹೋಗುತ್ತಿದ್ದ. ಹೊಸ ಔಷಧಗಳ ಟ್ರಯಲ್‌ಗೆ ಸೇರಿಸಲು ಓಡಾಡಿದೆ, ಆದರೆ ಅವರ ಲಿವರು, ಅವರ ತೂಕ ಎಲ್ಲ ನೋಡಿ ಆಗುವುದಿಲ್ಲ ಎಂದರು. ಹೊಟ್ಟೆಯಲ್ಲಿ ಮತ್ತೆ ಮತ್ತೆ ನೀರು ತುಂಬುತ್ತಿತ್ತು, ಆಸ್ಪತ್ರೆಗೆ ಹೋಗಿ ಸೂಜಿ ಹಾಕಿ ತೆಗೆಸಿಕೊಂಡು ಬರುತ್ತಿದ್ದೆವು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ತುಂಬು ಬಸುರಿಯದು. ಮಕ್ಕಳಾಗದ ಹೆಂಗಸಿಗೆ ದೇವರು ಇಂಥ ತಮಾಷೆಯನ್ನೂ ಮಾಡಬಹುದಾ ಎಂದು ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ನೀಲಗಿರಿ ಮರದ ನೆರಳಿಗೆ ಕುರ್ಚಿ ಹಾಕಿ ಕೂರಿಸಿದ್ದೆ. ಅವರು ಕಾಲ ಮೇಲಿನ ಶಾಲು ಸರಿಮಾಡಿಕೊಳ್ಳುತ್ತಾ, ಉಪ್ಪು ಕೇಳುವ ಹಾಗೆ ಕೇಳಿದರು.

"ನಿನ್ನ ಲ್ಯಾಬಿನ ಫ್ರಿಜ್ಜಲ್ಲಿ ಉಂಟಲ್ಲ ಆ ಬೇರಿನದ್ದು. ಅದನ್ನು ಸ್ವಲ್ಪ ತಂದು ಕೊಡ್ತಿಯಾ?"

ನಾನು ಅದು ಔಷಧವಲ್ಲ, ಔಷಧವಾದೀತು ಎಂಬ ಆಸೆ ಅಷ್ಟೇ ಎಂದೆ. ನೀರಿನಲ್ಲಿ ಕರಗುವುದಿಲ್ಲ, ಕರಗಿಸುವ ದ್ರವವೇ ಅರ್ಧ ವಿಷ ಎಂದೆ. ಇಲಿಗಳಿಗೆ ಕೊಟ್ಟಾಗ ಕೆಲವುಗಳ ಗೆಡ್ಡೆ ಕುಗ್ಗಿತು ನಿಜ, ಆದರೆ ಕೆಲವು ರಕ್ತ ಕಾರಿ ಸತ್ತವು ಎಂದೆ.

"ಆ ಯೂ ಮರದ್ದೂ ಮೊದಲು ಕರಗ್ತಿರಲಿಲ್ಲ ಅಂತ ನೀನೇ ಹೇಳಿದ್ದು." ಅವರು ನನ್ನನ್ನು ನೇರವಾಗಿ ನೋಡಿದರು. "ಅದನ್ನೂ ಯಾವಳೋ ಒಬ್ಬಳು ಮೊದಲು ತಗೊಂಡಿರ್ಬೇಕಲ್ವಾ? ಅವಳಿಗೆ ಯಾರಾದ್ರೂ ಕೊಟ್ಟಿರ್ಬೇಕಲ್ವಾ?"

ಈ ಪ್ರಶ್ನೆಗೆ ಸೆಮಿನಾರುಗಳಲ್ಲಿ ಉತ್ತರ ಇದೆ. ಅಂಥವರ ಸುತ್ತ ಒಂದು ಇಡೀ ಆಸ್ಪತ್ರೆ ನಿಂತಿತ್ತು, ನನ್ನ ಹತ್ತಿರ ಇರುವುದು ಒಂದು ಪುಟ್ಟ ಬಾಟಲಿ ಎಂದೆ. ನನ್ನ ಕೈಯಿಂದ ನಿಮಗೆ ಏನಾದರೂ ಆದರೆ ನಾನು ಬದುಕುವುದಿಲ್ಲ ಎಂದೂ ಅಂದೆ. ಅತ್ತಿಗೆ "ಆಯ್ತು ಬಿಡು. ನಿಂಗೆ ಕಷ್ಟ ಕೊಡ್ಬಾರ್ದಿತ್ತು," ಎಂದು ಮಾತು ಬದಲಿಸಿದರು.

ಅಣ್ಣ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಆ ಭಾನುವಾರ ಚಾಟ್ಸ್‌ವರ್ತ್‌ಗೆ ಹೊರಡುವ ಮುನ್ನ ಕಾರಿನ ಹತ್ತಿರ ಕರೆದು, "ನೀನು ತಂದು ಕೊಡು, ತುಂಬಿಸುದು ನಾನು ತುಂಬಿಸ್ತೇನೆ," ಎಂದ. ನಾನು ಆಗುವುದಿಲ್ಲ ಎಂದೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂದು ನನಗೂ ಗೊತ್ತು. ಆದರೆ ಆ ಕಡ್ಡಿಯನ್ನು ಮಾಡುವವಳು ನಾನು, ಅದು ಹೇಗೆ ಮುರಿಯುತ್ತದೆ ಎಂದು ಕಣ್ಣಾರೆ ನೋಡಿದವಳು.

"ಹೇಗೂ ಡಾಕ್ಟರು ಕೈ ಚೆಲ್ಲಿದ್ದಾರೆ. ಇನ್ನು ಹೋಗ್ಲಿಕ್ಕೆ ಎಂತ ಉಂಟು ಅವಳ ಹತ್ರ?" ಅವನು ಕಾರಿನ ಬಾಗಿಲು ತೆಗೆದ. "ನಿಂಗೆ ಕೆಲಸ ಹೋಗ್ತದೆ ಅಂತ ಹೆದರಿಕೆ. ಬೇರೆಯವರ ಹೆಂಡತಿಯಾದ್ರೆ ಸರಿ. ನಿನ್ನ ಜಡೆ ಹಾಕಿದವಳಲ್ವಾ ಅವಳು?"

ಕಾರು ಹೊರಟುಹೋಯಿತು. ಆಮೇಲೆ ಅವನು ಬಂದಾಗಲೆಲ್ಲ ಹೆಂಡತಿಯ ಜೊತೆ ಮಾತ್ರ ಮಾತನಾಡುತ್ತಿದ್ದ. ನನ್ನ ಕೈಯ ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋಗುತ್ತಿದ್ದ, ಪರರ ಮನೆಯಲ್ಲಿ ತೊಳೆದಿಡುವ ಹಾಗೆ. ಲ್ಯಾಬಿನಲ್ಲಿ ಆ ಫ್ರಿಜ್ಜಿನ ಬಾಗಿಲು ತೆಗೆಯುವಾಗ ನನ್ನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಜೇಬಿಗೆ ಹಾಕಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಕಿಕೊಳ್ಳಲಿಲ್ಲ. ಅದು ಸರಿಯಾ ಹೆದರಿಕೆಯಾ ಎಂದು ಕೇಳಿಕೊಂಡರೆ ನನಗೆ ಒಂದೊಂದು ದಿನ ಒಂದೊಂದು ಉತ್ತರ ಸಿಗುತ್ತಿತ್ತು.

ಮುಂದಿನ ಸಲ ಹೊಟ್ಟೆಯ ನೀರು ತೆಗೆಸಲು ಹೋದಾಗ, ತೆಗೆದದ್ದನ್ನು ಸಂಶೋಧನೆಗೆ ಕೊಡಲು ಒಪ್ಪಿಗೆಯಾ ಎಂದು ಆಸ್ಪತ್ರೆಯವರು ಕೇಳಿದರು. ಆ ನೀರಿನಲ್ಲಿ ಕ್ಯಾನ್ಸರಿನ ಕೋಶಗಳು ಜೀವಂತ ತೇಲುತ್ತಿರುತ್ತವೆ. ಅವನ್ನು ಬೇರ್ಪಡಿಸಿ ನಮ್ಮಂಥ ಲ್ಯಾಬುಗಳಿಗೆ ಕಳಿಸುತ್ತಾರೆ. ನಾನು ಅತ್ತಿಗೆಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ.

"ಹಾಗಾದ್ರೆ ನಂದು ನಿನ್ನ ತಟ್ಟೆಗೆ ಬರ್ತದಾ?"

"ಬರಬಹುದು. ಬಂದರೂ ಗೊತ್ತಾಗುವುದಿಲ್ಲ ಅತ್ತಿಗೆ. ಹೆಸರು ತೆಗೆದು ಬರಿ ನಂಬರ್ ಹಾಕಿ ಕಳಿಸ್ತಾರೆ. ಯಾರದ್ದು ಅಂತ ನಾವು ಕೇಳುವ ಹಾಗೂ ಇಲ್ಲ."

"ಹೆಸರು ಇಲ್ಲದಿದ್ರೆ ಎಂತ. ಹೇಳಿದ ಮಾತು ಕೇಳದ ಕೋಶ ಯಾವುದುಂಟೋ, ಅದು ನಂದು ಅಂತ ತಿಳ್ಕೊ." ಮರಗಟ್ಟಿದ ಬೆರಳುಗಳಿಂದ ಪೆನ್ನು ಹಿಡಿದು ಸಹಿ ಹಾಕಿದರು. "ನಂಗೆ ಕೊಡ್ಲಿಕ್ಕೆ ಆಗದಿದ್ದದ್ದನ್ನು ಅದಕ್ಕಾದ್ರೂ ಹಾಕು."

ಅಣ್ಣ ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ.

ಅತ್ತಿಗೆ ಅದಾದ ಮೇಲೆ ಬಹಳ ದಿನ ಇರಲಿಲ್ಲ. ನನ್ನ ಮನೆಯಲ್ಲೇ, ಒಂದು ಬೆಳಿಗ್ಗೆ, ಅಣ್ಣ ಅವರ ತಲೆ ಬಾಚುತ್ತಿದ್ದಾಗ ಹೋದರು. ಬಾಚಣಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಹಿಡಿದುಕೊಂಡೇ ನಿಂತಿದ್ದ. ಅವನ ಕಣ್ಣಲ್ಲಿ ನೀರು ಬರಲಿಲ್ಲ. ಬಂದವರೆಲ್ಲ ಎಷ್ಟು ಗಟ್ಟಿ ಮನುಷ್ಯ ಎಂದರು. ಹನ್ನೆರಡನೆಯ ದಿನ ಕಳೆದು ಚಾಟ್ಸ್‌ವರ್ತ್‌ಗೆ ಹೋಗಿ ಶೆಡ್ಡಿನ ಬಾಗಿಲು ತೆಗೆದ. ನನಗೆ ಫೋನ್ ಮಾಡುವುದನ್ನು ಮತ್ತೆ ಶುರು ಮಾಡಿದ್ದು ಅದಾಗಿ ಕೆಲವು ತಿಂಗಳ ಮೇಲೆ. ಭಾನುವಾರ ಮಾಡುತ್ತಿದ್ದ. ಊಟ ಆಯ್ತಾ, ಅಲ್ಲಿ ಬಿಸಿಲು ಹೇಗೆ ಎಂದು ಕೇಳಿ, ಕೊನೆಯಲ್ಲಿ ಪ್ರತಿಸಲ ಅದೇ ಪ್ರಶ್ನೆ. "ನಿಮ್ಮ ತಟ್ಟೆಯಲ್ಲಿ ಎಂತಾಯ್ತು?" ಇನ್ನೂ ನೋಡುತ್ತಿದ್ದೇವೆ ಎಂದು ನಾನು ಜಾರಿಕೊಳ್ಳುತ್ತಿದ್ದೆ.

ಬೇರೆ ಬೇರೆ ರೋಗಿಗಳ ಹೊಟ್ಟೆಯ ನೀರಿನಿಂದ ನಂಬರ್ ಹಾಕಿ ಬಂದ ಕೋಶಗಳ ಮೇಲೆ ನಮ್ಮ ಬೇರಿನ ವಸ್ತುವನ್ನು ಹಾಕಿದ ಫಲಿತಾಂಶ ಹೋದ ವರ್ಷ ಬಂತು. ಬೇರೆ ಔಷಧಗಳಿಗೆ ಬಗ್ಗದಿದ್ದ ಕೋಶಗಳು ಒಂದರ ಹಿಂದೆ ಒಂದು ಸತ್ತಿದ್ದವು. ಒಂದು ನಂಬರಿನದ್ದು ಮಾತ್ರ ಎಷ್ಟು ಹಾಕಿದರೂ ಸಾಯಲಿಲ್ಲ. ಜೊತೆಯವರು ಚಪ್ಪಾಳೆ ತಟ್ಟಿದರು, ಒಬ್ಬಳು ಹೋಗಿ ಡೋನಟ್ ತಂದಳು. ಇಷ್ಟು ವರ್ಷ ಈ ದಿನಕ್ಕಾಗಿಯೇ ನಾನು ಕಣ್ಣು ಹಾಳು ಮಾಡಿಕೊಂಡಿದ್ದೆ. ಆದರೆ ನನ್ನ ಪಾಲಿನ ಡೋನಟ್ ಮೇಜಿನ ಮೇಲೆ ಹಾಗೇ ಬಿಟ್ಟು ಎದ್ದುಹೋದೆ.

ಅತ್ತಿಗೆಯದ್ದು ಅವುಗಳಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಎಂದೂ ಗೊತ್ತಾಗುವುದಿಲ್ಲ. ಇದ್ದರೆ, ಸತ್ತವುಗಳಲ್ಲಿ ಇದ್ದರೆ? ಆ ಮಧ್ಯಾಹ್ನ ನೀಲಗಿರಿ ಮರದ ಕೆಳಗೆ ನಾನು ಇಲ್ಲ ಎಂದದ್ದು ಯಾವುದಕ್ಕೆ? ತಟ್ಟೆ ಬೇರೆ ಮೈ ಬೇರೆ ಎಂದು ಊರಿಗೆಲ್ಲ ಪಾಠ ಹೇಳಿದ ಬಾಯಿ ನನ್ನದೇ, ಆದರೆ ಆ ಪಾಠ ಅವತ್ತು ನನ್ನ ನೆರವಿಗೆ ಬರಲಿಲ್ಲ. ನನ್ನ ಬೇರು ಸೋತ ಆ ಒಂದೇ ಒಂದು ನಂಬರ್ ಅವರದ್ದಾಗಿರಲಿ ಎಂದು ಬೇಡಿಕೊಂಡೆ. ನಾನು ಯಾವ ದೇವರಿಗೂ ಕೈ ಮುಗಿಯುವವಳಲ್ಲ. ಲ್ಯಾಬಿನ ಬಚ್ಚಲಲ್ಲಿ ನಿಂತು ಮುಗಿದೆ.

ಭಾನುವಾರ ಅಣ್ಣನ ಫೋನ್ ಬಂತು. ಊಟ ಕೇಳಿದ, ಬಿಸಿಲು ಕೇಳಿದ. ಆಮೇಲೆ, "ತಟ್ಟೆಯಲ್ಲಿ ಎಂತಾಯ್ತು?"

"ಬಂತು ಅಣ್ಣ, ರಿಸಲ್ಟ್."

"ಅವಳದ್ದು?" ಎಂದ, ಹೆಸರು ಇರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ತಾನೇ ಕೇಳಿಸಿಕೊಂಡಿದ್ದವನು.

"ಅವರದ್ದಕ್ಕೆ ನಮ್ಮದು ಹಿಡಿಯಲಿಲ್ಲ," ಎಂದೆ. ಗೊತ್ತಿದ್ದವಳ ಹಾಗೆ, ಕಣ್ಣಾರೆ ನೋಡಿದವಳ ಹಾಗೆ ಹೇಳಿದೆ. "ಎಷ್ಟು ಹಾಕಿದ್ರೂ ಸಾಯಲಿಲ್ಲ. ಬೇರೆ ಎಲ್ಲ ಸತ್ತವು. ಅವರದ್ದು ಒಂದು ಸಾಯಲಿಲ್ಲ."

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿತು.

"ಹಾಗಾದ್ರೆ ನೀನು ಆವತ್ತು ಕೊಟ್ಟಿದ್ರೂ ಅಷ್ಟೇ ಇತ್ತು," ಎಂದ.

"ಅಷ್ಟೇ ಇತ್ತು."

"ನಾನು ಸುಮ್ಮನೆ ನಿನ್ನನ್ನು ಬೈದದ್ದು ಮಾರಾಯ್ತಿ."

ಆಮೇಲೆ ಅವನು ಅಳತೊಡಗಿದ. ಅತ್ತಿಗೆ ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು. ನಾನು ಫೋನ್ ಕಿವಿಗೆ ಹಿಡಿದುಕೊಂಡು, ಅವನ ಅಳು ಮುಗಿಯುವವರೆಗೆ ಕೇಳುತ್ತಾ ಕೂತಿದ್ದೆ.